ಎರಡು ನಗರಗಳ ನಡುವೆ ನಾವೂ ಇದ್ದೇವೆ

"ಬೆಂಗಳೂರಿಗೆ ಇನ್ನು ನಾಲ್ಕೈದೇ ಗಂಟೆ" ಎಂಬ ಮಾತು ನಮ್ಮ ತಾಲೂಕಿನಲ್ಲಿ ಈಗ ಎಲ್ಲರ ಬಾಯಲ್ಲೂ ಇದೆ. ಮದುವೆಮನೆಯ ಪಂಕ್ತಿಯಲ್ಲಿ, ಸಹಕಾರಿ ಸಂಘದ ಮಹಾಸಭೆಯಲ್ಲಿ, ರಿಕ್ಷಾ ಸ್ಟ್ಯಾಂಡಿನಲ್ಲಿ, ಎಲ್ಲಿ ಕಿವಿ ಕೊಟ್ಟರೂ ಅದೇ ಸುದ್ದಿ. ಬೆಂಗಳೂರಿಗೂ ಮಂಗಳೂರಿಗೂ ನಡುವೆ ಸುಮಾರು 335 ಕಿ.ಮೀ. ಉದ್ದದ ಹೊಚ್ಚಹೊಸ ಎಕ್ಸ್‌ಪ್ರೆಸ್‌ವೇ ಮಾಡುವ ಪ್ರಸ್ತಾವ ಕೇಂದ್ರದ ಕಡತದಲ್ಲಿದೆ. ಈಗಿನ ಏಳೆಂಟು ಗಂಟೆಯ ಪ್ರಯಾಣ ಅರ್ಧಕ್ಕರ್ಧ ಇಳಿಯುತ್ತದಂತೆ. ಟೋಲ್ ಇರುತ್ತದೆ, ಇರಲಿ ಬಿಡಿ, ಒಳ್ಳೆಯ ಮಾರ್ಗ ಬೇಕಾದರೆ ದುಡ್ಡು ಬಿಚ್ಚಬೇಕಲ್ಲ ಎಂಬುದು ಅದರ ಬೆನ್ನಿಗೇ ಬರುವ ಮಾತು. ಇದಕ್ಕೆ ಎದುರಾಡಿದವನನ್ನು ಜನ ನೋಡುವ ರೀತಿಯೇ ಬೇರೆ. ಅಭಿವೃದ್ಧಿ ವಿರೋಧಿ ಎನ್ನುತ್ತಾರೆ, ಇಲ್ಲವೇ ಬುದ್ಧಿಜೀವಿ ಎನ್ನುತ್ತಾರೆ; ಎರಡರಲ್ಲಿ ಯಾವುದು ದೊಡ್ಡ ಬೈಗುಳವೋ ನನಗೆ ತಿಳಿಯದು. ಆದರೂ ಎದುರಾಡಲೇಬೇಕು. ಗಂಟೆ ಉಳಿಯುವುದು ಎರಡು ತುದಿಗಳಲ್ಲಿ ಇರುವವರಿಗೆ. ನೆಲ ಬಿಡುವವರು, ಧೂಳು ಕುಡಿಯುವವರು, ಸುತ್ತು ಬಳಸಿ ನಡೆಯುವವರು ನಡುವೆ ಇರುವವರು. ಈ ಎರಡನೆಯ ಲೆಕ್ಕವನ್ನು ಯಾರೂ ಬರೆಯುತ್ತಿಲ್ಲ.

ನಮ್ಮ ಊರು ಲಾಯಿಲ ಇರುವುದು ಬೆಳ್ತಂಗಡಿ ಪೇಟೆ ದಾಟಿ ಉಜಿರೆ ಕಡೆಗೆ ಹೊರಡುವ ದಾರಿಯಲ್ಲಿ. ಊರಿನ ನಡುವೆಯೇ ರಾಷ್ಟ್ರೀಯ ಹೆದ್ದಾರಿ 73 ಹಾದುಹೋಗುತ್ತದೆ. ಹಿಂದೆ ಇದಕ್ಕೆ 234 ಎಂಬ ನಂಬರು ಇತ್ತು, ತಮಿಳುನಾಡಿನ ವಿಲ್ಲುಪುರಂವರೆಗೆ ಓಡುತ್ತಿತ್ತು. ಈಗ ಮಂಗಳೂರಿನಿಂದ ಚಾರ್ಮಾಡಿ, ಮೂಡಿಗೆರೆ, ಬೇಲೂರು, ಅರಸೀಕೆರೆ, ತಿಪಟೂರು ದಾರಿಯಾಗಿ ತುಮಕೂರಿಗೆ ಮುಗಿಯುತ್ತದೆ. ಬಿ.ಸಿ. ರೋಡಿನಲ್ಲಿ ಇದರಿಂದ ಬೇರೆಯಾಗುವ ಹೆದ್ದಾರಿ 75 ಶಿರಾಡಿ ಹತ್ತಿ ಹಾಸನದ ಮೇಲೆ ಬೆಂಗಳೂರು ಸೇರುತ್ತದೆ. ಎರಡೂ ರಾಷ್ಟ್ರೀಯ ಹೆದ್ದಾರಿಗಳೇ. ಆದರೆ 75 ಇರುವುದು ಹೆದ್ದಾರಿ ಪ್ರಾಧಿಕಾರದ ಕೈಯಲ್ಲಿ, ನಮ್ಮ 73 ಇರುವುದು ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗದ ಕೈಯಲ್ಲಿ. ಒಂದು ಎರಡು ಮಹಾನಗರಗಳನ್ನು ಕೂಡಿಸುತ್ತದೆ. ಇನ್ನೊಂದು ಕೂಡಿಸುವುದು ಪೇಟೆಗಳನ್ನು, ಆಸ್ಪತ್ರೆಗಳನ್ನು, ಸಂತೆಗಳನ್ನು, ಧರ್ಮಸ್ಥಳದ ಯಾತ್ರಿಕರನ್ನು. ಯಾವುದಕ್ಕೆ ಮುತುವರ್ಜಿ ಸಿಕ್ಕಿತು, ಯಾವುದು ಕಾಯುತ್ತ ಕೂತಿತು ಎಂಬುದನ್ನು ಈ ದಾರಿಯಲ್ಲಿ ಓಡಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪುಂಜಾಲಕಟ್ಟೆಯಿಂದ ಚಾರ್ಮಾಡಿವರೆಗಿನ ಅಗಲೀಕರಣವನ್ನೇ ನೋಡಿ. ಎಕ್ಸ್‌ಪ್ರೆಸ್‌ವೇ ಏನಲ್ಲ, ಬರೀ ಎರಡು ಲೇನು, ಬದಿಗೆ ಡಾಮರು ಹಾಕಿದ ಅಂಚು. ಮೂವತ್ತು ಚಿಲ್ಲರೆ ಕಿಲೋಮೀಟರು. 2023ರಲ್ಲಿ ಕೆಲಸಕ್ಕೆ ಕೈಹಾಕಿದರು, ಇದ್ದ ಮಾರ್ಗವನ್ನು ಅಗೆದರು. 2024ರ ಮಳೆಗಾಲದಲ್ಲಿ ಗುರುವಾಯನಕೆರೆಯಿಂದ ಉಜಿರೆಯಾಚೆ ನಿಡಿಗಲ್, ಸೋಮಂತಡ್ಕದವರೆಗೆ ರಾಷ್ಟ್ರೀಯ ಹೆದ್ದಾರಿ ಎಂಬುದು ನೇಜಿ ನೆಡಲು ಹದ ಮಾಡಿದ ಗದ್ದೆಯಂತಾಯಿತು. ನಮ್ಮ ಕಾಶಿಬೆಟ್ಟಿನ ಬಳಿ ಕೆಸರಿನಲ್ಲಿ ಹೂತ ಬಸ್ಸು, ಅದರ ಹಿಂದೆ ನಿಂತ ಆಂಬುಲೆನ್ಸು, ಅದರ ಹಿಂದೆ ಶಾಲೆಯ ವ್ಯಾನು. ಗುತ್ತಿಗೆದಾರರು ಬದಲಾದರು, ಗಡುವು ಬದಲಾಯಿತು. ಮೂವತ್ತು ಕಿಲೋಮೀಟರಿನ ಸಾಧಾರಣ ಮಾರ್ಗವನ್ನು ಎರಡು ಮಳೆಗಾಲದೊಳಗೆ ನೆಟ್ಟಗೆ ಮುಗಿಸಲಾರದ ವ್ಯವಸ್ಥೆ, ಪಶ್ಚಿಮಘಟ್ಟವನ್ನು ಸೀಳಿ 335 ಕಿಲೋಮೀಟರು ಮುಗಿಸುತ್ತದೆ ಎಂದರೆ ನಾವು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತೇವೆ. ನಮ್ಮದು ದೊಡ್ಡ ಮನಸ್ಸು.

ಘಟ್ಟದ ವಿಷಯ ಇನ್ನೂ ಬೇಸರದ್ದು. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಘಾಟಿ ಹಲವು ಕಡೆ ಕುಸಿಯಿತು. ಮಲವಂತಿಗೆ, ಚಾರ್ಮಾಡಿ ಕಡೆಯ ತೋಟಗಳ ಮೇಲೆ ಬೆಟ್ಟವೇ ಇಳಿದು ಬಂದ ವರ್ಷ ಅದು. ಘಾಟಿ ತಿಂಗಳುಗಟ್ಟಲೆ ಮುಚ್ಚಿತು, ತೆರೆದ ಮೇಲೂ ಘನ ವಾಹನಗಳಿಗೆ ನಿಷೇಧ ಬಂತು. ಮೂಡಿಗೆರೆ, ಕೊಟ್ಟಿಗೆಹಾರದವರಿಗೆ ದೊಡ್ಡ ಕಾಯಿಲೆ ಬಂದರೆ ಉಜಿರೆ, ಮಂಗಳೂರೇ ಗತಿ. ನಮಗೆ ಘಟ್ಟದ ಮೇಲಿನ ತರಕಾರಿ, ಅವರಿಗೆ ಕರಾವಳಿಯ ಮೀನು. ಈ ಕೊಡುಕೊಳ್ಳುವಿಕೆ ನೂರಾರು ವರ್ಷದ್ದು. ಇದನ್ನು ಉಳಿಸುವ ಕೆಲಸಕ್ಕೆ, ಗೋಡೆ ಕಟ್ಟಿ, ಚರಂಡಿ ಸರಿಮಾಡಿ, ತಿರುವು ತಿದ್ದುವ ಕೆಲಸಕ್ಕೆ, ಯಾವ ಮಂತ್ರಿಯೂ ವಿಮಾನ ಹತ್ತಿ ಉದ್ಘಾಟನೆಗೆ ಬರುವುದಿಲ್ಲ.

ಇನ್ನೂ ಒಳಗೆ ಹೋದರೆ ಎಳನೀರು ಇದೆ. ಅದು ನಮ್ಮದೇ ತಾಲೂಕಿನ ಮಲವಂತಿಗೆ ಪಂಚಾಯಿತಿಗೆ ಸೇರಿದ ಊರು. ಬೆಟ್ಟದ ಆಚೆ ಸಂಸೆಯ ಮಗ್ಗುಲಲ್ಲಿದೆ, ಬೆಳ್ತಂಗಡಿಗೆ ಬರಲು ದಿಡುಪೆಗೆ ಇಳಿಯುವ ಕಾಡುದಾರಿ ಹತ್ತಿರದ್ದು. ಆದರೆ ಆ ದಾರಿ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಹಾಯುವುದರಿಂದ ಸರ್ವಋತು ಮಾರ್ಗಕ್ಕೆ ಅನುಮತಿಯ ತಕರಾರು. ಹಾಗಾಗಿ ಅಲ್ಲಿಯವರು ತಾಲೂಕು ಕಚೇರಿಯಲ್ಲಿ ಒಂದು ಪಹಣಿ ತೆಗೆಸಬೇಕಾದರೆ ಕಳಸ, ಕೊಟ್ಟಿಗೆಹಾರ ಸುತ್ತಿ, ಚಾರ್ಮಾಡಿ ಇಳಿದು, ನೂರು ಕಿಲೋಮೀಟರಿನ ಹತ್ತಿರ ಬಳಸಿ ಬರಬೇಕು. ಕಾಡು ಉಳಿಯಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಕಾನೂನು ಎಳನೀರಿನವರ ಹತ್ತಿಪ್ಪತ್ತು ಜೀಪುಗಳಿಗೆ ಇಷ್ಟು ಬಿಗಿಯಾಗಿರುವಾಗ, ದಿನಕ್ಕೆ ಸಾವಿರಾರು ಕಾರುಗಳ ಆರು ಲೇನಿಗೆ ಮಾತ್ರ ಸುರಂಗ, ಮೇಲ್ಸೇತುವೆ, ಪರ್ಯಾಯ ನಕ್ಷೆ ಎಂದು ಹೊಸ ಹೊಸ ಉಪಾಯಗಳನ್ನು ಹುಡುಕುತ್ತದಲ್ಲ, ತಕರಾರು ಅಲ್ಲಿ.

ಇನ್ನು "ದುಡ್ಡು ಕೊಟ್ಟರೆ ಒಳ್ಳೆಯ ರಸ್ತೆ" ಎಂಬ ತತ್ವಕ್ಕೆ ಬರೋಣ. ಹೆದ್ದಾರಿ ಸಚಿವ ನಿತಿನ್ ಗಡ್ಕರಿ 2021ರಲ್ಲಿ ಹರಿಯಾಣದ ಸೋಹನಾದಲ್ಲಿ ಇದನ್ನು ಒಂದು ಉಪಮೆಯಿಂದ ವಿವರಿಸಿದ್ದರು. ಎ.ಸಿ. ಹಾಲ್ ಬೇಕಾದರೆ ಬಾಡಿಗೆ ಕೊಡಬೇಕು, ಬೇಡವಾದರೆ ಬಯಲಿನಲ್ಲೇ ಮದುವೆ ಮಾಡಿಕೊಳ್ಳಬಹುದು ಎಂಬುದು ಅದರ ಸಾರಾಂಶ. ಕೇಳಲು ನ್ಯಾಯವಾಗಿಯೇ ಇದೆ. ನಮ್ಮಲ್ಲಿ ಈಗಲೂ ಮನೆಯಂಗಳದಲ್ಲಿ ಚಪ್ಪರ ಹಾಕಿ ಮದುವೆ ಮಾಡುವವರಿದ್ದಾರೆ, ಅದರಲ್ಲಿ ಅವಮಾನವೇನಿಲ್ಲ. ಆದರೆ ಸಚಿವರ ಹಾಲ್ ಎದ್ದಿರುವುದು ಆ ಬಯಲಿನ ಮೇಲೆಯೇ. ಹಾಲ್ ಬಂದ ಮೇಲೆ ಚಪ್ಪರ ಹಾಕಲು ಬಯಲೇ ಇರುವುದಿಲ್ಲ. ಬ್ರಹ್ಮರಕೂಟ್ಲಿನಲ್ಲಿ ನಡೆದಿರುವುದು ಇದೇ.

ಬಿ.ಸಿ. ರೋಡಿಗೂ ಫರಂಗಿಪೇಟೆಗೂ ನಡುವೆ ಇರುವ ಬ್ರಹ್ಮರಕೂಟ್ಲು ಟೋಲ್ ಗೇಟು ನವಮಂಗಳೂರು ಬಂದರನ್ನು ಕೂಡಿಸುವ ಸುಮಾರು 37 ಕಿ.ಮೀ. ರಸ್ತೆ ಯೋಜನೆಯ ಕೂಸು. ಅದೇ ಯೋಜನೆಯ ಇನ್ನೊಂದು ಗೇಟು ಸುರತ್ಕಲ್‌ನಲ್ಲಿತ್ತು. ಬಂದರಿಗೆ ಹೋಗುವ ಲಾರಿಗಳ ಸಲುವಾಗಿ ಎಂದು ಮಾಡಿದ ಮಾರ್ಗ. ಆದರೆ ಬೆಳ್ತಂಗಡಿ, ಬಂಟ್ವಾಳ ಕಡೆಯಿಂದ ಜಿಲ್ಲಾಧಿಕಾರಿ ಕಚೇರಿಗೆ, ವೆನ್ಲಾಕ್ ಆಸ್ಪತ್ರೆಗೆ, ರೈಲ್ವೆ ಸ್ಟೇಷನ್ನಿಗೆ ಹೋಗುವವರಿಗೂ ಅದೊಂದೇ ನೇರ ದಾರಿ. ಗೇಟಿನಿಂದ 20 ಕಿ.ಮೀ. ಒಳಗಿನ ಖಾಸಗಿ ಕಾರಿಗೆ ಕಡಿಮೆ ದರದ ತಿಂಗಳ ಪಾಸು ಉಂಟು. ಲಾಯಿಲ ಆ ಗೆರೆಯ ಹೊರಗೆ. ಜಿಲ್ಲೆ ಒಂದೇ, ಜಿಲ್ಲಾ ಕೇಂದ್ರ ಒಂದೇ, ಆದರೆ ಸರ್ಕಾರದ ಕಣ್ಣಿಗೆ ನಾವು ಹಾದುಹೋಗುವ ಪರಸ್ಥಳದವರು.

ಸುರತ್ಕಲ್ ಕಥೆ ಇನ್ನೂ ಚೆನ್ನಾಗಿದೆ. 2015ರ ಕೊನೆಯಲ್ಲಿ ತಾತ್ಕಾಲಿಕ ಎಂದು ಶುರುವಾದ ಗೇಟು ಅದು. ಒಂದೇ ಹೆದ್ದಾರಿಯಲ್ಲಿ ಎರಡು ಗೇಟುಗಳ ನಡುವೆ ಸಾಮಾನ್ಯವಾಗಿ 60 ಕಿ.ಮೀ. ಇರಬೇಕೆಂದು 2008ರ ಶುಲ್ಕ ನಿಯಮಗಳೇ ಹೇಳುತ್ತವೆ. ಉಡುಪಿ ಕಡೆಗೆ ಹೊರಟರೆ ಅದರ ಕಾಲು ಭಾಗ ದೂರವೂ ಇಲ್ಲದ ಹೆಜಮಾಡಿಯಲ್ಲಿ ಇನ್ನೊಂದು ಗೇಟು. ಮುಚ್ಚುತ್ತೇವೆ, ವಿಲೀನ ಮಾಡುತ್ತೇವೆ ಎಂಬ ತೀರ್ಮಾನ 2018ರಲ್ಲೇ ಆಗಿತ್ತು. 60 ಕಿ.ಮೀ. ಒಳಗಿನ ಹೆಚ್ಚುವರಿ ಗೇಟುಗಳನ್ನು ಮೂರು ತಿಂಗಳಲ್ಲಿ ಮುಚ್ಚುವುದಾಗಿ ಸಚಿವರು 2022ರ ಮಾರ್ಚಿನಲ್ಲಿ ಲೋಕಸಭೆಯಲ್ಲೇ ಹೇಳಿದರು. ಮೂರು ತಿಂಗಳು ಕಳೆಯಿತು, ಆರು ಕಳೆಯಿತು. ಕೊನೆಗೆ ಜನ ಅಕ್ಟೋಬರಿನಲ್ಲಿ ಗೇಟಿಗೆ ಮುತ್ತಿಗೆ ಹಾಕಿ, ಆಮೇಲೆ ಅಲ್ಲೇ ಹಗಲು ರಾತ್ರಿ ಧರಣಿ ಕೂತ ಮೇಲೆ, ಡಿಸೆಂಬರ್ 1ರಿಂದ ವಸೂಲಿ ನಿಂತಿತು. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಮ್ಮಲ್ಲಿದೆ. 2021ರಿಂದ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಸುಖದುಃಖ ಹೇಳಲು ಎದುರಿಗೆ ಸುಂಕದವನೂ ಇಲ್ಲ, ಕೆಂಪು ಹಸಿರು ದೀಪ ಮಾತ್ರ.

ಟೋಲಿನ ಪರವಾಗಿ ಮಾತಾಡುವವರು ಒಂದು ವಿಷಯವನ್ನು ಚಾಪೆಯ ಕೆಳಗೆ ತಳ್ಳುತ್ತಾರೆ. ರಸ್ತೆಗೆಂದು ನಾವು ಆಗಲೇ ದುಡ್ಡು ಕೊಟ್ಟಾಗಿದೆ. ಬಂಕಿನಲ್ಲಿ ಹಾಕಿಸುವ ಪ್ರತಿ ಲೀಟರ್ ಪೆಟ್ರೋಲು, ಡೀಸೆಲಿನ ಬೆಲೆಯೊಳಗೆ ರಸ್ತೆ ಮತ್ತು ಮೂಲಸೌಕರ್ಯದ ಸೆಸ್ ಇದೆ. ವಾಹನ ಕೊಳ್ಳುವಾಗ ಕರ್ನಾಟಕದಲ್ಲಿ ಕಟ್ಟುವ ಜೀವಾವಧಿ ತೆರಿಗೆ ದೇಶದಲ್ಲೇ ಅತಿ ಹೆಚ್ಚಿನ ಸಾಲಿನದು. ಈ ಎರಡರ ಮೇಲೆ ಟೋಲ್. ಅದು ಪ್ರತಿ ಏಪ್ರಿಲಿಗೆ ತಂತಾನೇ ಏರುತ್ತದೆ: ಶೇ. 3ರ ಖಾಯಂ ಏರಿಕೆ, ಜೊತೆಗೆ ಸಗಟು ಬೆಲೆ ಸೂಚ್ಯಂಕದ ಏರಿಕೆಯಲ್ಲಿ ಶೇ. 40ರ ಪಾಲು. ಹಾಕಿದ ಬಂಡವಾಳ ವಸೂಲಾದ ಮೇಲೆ ದರವನ್ನು ಶೇ. 40ಕ್ಕೆ ಇಳಿಸಬೇಕೆಂಬ ಮಾತು ಹಳೆಯ ನಿಯಮದಲ್ಲಿತ್ತು. 2023ರ ತಿದ್ದುಪಡಿಯಲ್ಲಿ ಅದೂ ಹೋಯಿತು. ಸಾಲ ತೀರುವವರೆಗೆ ಬಡ್ಡಿ ಎಂಬುದು ಹೋಗಿ, ತೀರಿದ ಮೇಲೂ ಬಡ್ಡಿ ಎಂದಾಯಿತು. ಅಡಿಕೆ ಮಂಡಿಯಲ್ಲಿ ಯಾರಾದರೂ ಇಂಥ ಲೆಕ್ಕ ಬರೆದರೆ ಅವನ ಅಂಗಡಿಯ ಎದುರು ಜನ ಸೇರುತ್ತಾರೆ.

ಹಾಗೆಂದು ಎಲ್ಲರಿಗೂ ಹೊರೆ ಒಂದೇ ಸಮ ಇಲ್ಲ. 2025ರ ಆಗಸ್ಟ್ 15ರಿಂದ ಖಾಸಗಿ ಕಾರು, ಜೀಪುಗಳಿಗೆ 3,000 ರೂಪಾಯಿಯ ವಾರ್ಷಿಕ ಪಾಸು ಬಂತು; 200 ಸಲ ಗೇಟು ದಾಟಬಹುದು, ಅಂದರೆ ಆಗಿನ ದರದಲ್ಲಿ ಸಲಕ್ಕೆ 15 ರೂಪಾಯಿ. ವಾರಾಂತ್ಯಕ್ಕೆ ಊರಿಗೆ ಬಂದುಹೋಗುವ ಬೆಂಗಳೂರಿನ ಕಾರಿಗೆ ಇದು ಹಬ್ಬ. ತೋಟದ ಗೊಬ್ಬರ, ಅಡಿಕೆ, ಬಾಳೆ ಸಾಗಿಸುವ ಪಿಕಪ್ಪಿಗೆ ಆ ಪಾಸು ಇಲ್ಲ, ಯಾಕೆಂದರೆ ಅದು ವಾಣಿಜ್ಯ ವಾಹನ. ಗೇಟು ಇರುವ ಜಿಲ್ಲೆಯಲ್ಲೇ ನೋಂದಣಿಯಾದ ವಾಣಿಜ್ಯ ವಾಹನಕ್ಕೆ ರಿಯಾಯಿತಿ ಉಂಟು, ಸರಿ. ಆದರೆ ಜಿಲ್ಲೆಯ ಗಡಿ ದಾಟಿ ಹಾಸನಕ್ಕೋ ತುಮಕೂರಿಗೋ ಹೊರಟರೆ ಅದೂ ಮುಗಿಯಿತು. ದುಡಿಯುವ ಚಕ್ರಕ್ಕೆ ಹೆಚ್ಚು, ತಿರುಗಾಟದ ಚಕ್ರಕ್ಕೆ ಕಡಿಮೆ. ಇದನ್ನು ಯಾವ ಅರ್ಥಶಾಸ್ತ್ರದಲ್ಲಿ ಕಲಿಸುತ್ತಾರೋ!

ನಮ್ಮ ರಾಜ್ಯದಲ್ಲಿ ಎರಡು ದೊಡ್ಡ ನಗರಗಳನ್ನು ಕೂಡಿಸುವ ಟೋಲ್ ಹೆದ್ದಾರಿ ಏನೇನು ಮಾಡುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿ ಕಣ್ಣೆದುರೇ ಇದೆ. 118 ಕಿ.ಮೀ., ಸುಮಾರು 8,480 ಕೋಟಿ ರೂಪಾಯಿ, 2023ರ ಮಾರ್ಚ್ 12ರಂದು ಪ್ರಧಾನಿ ಕೈಯಲ್ಲಿ ಲೋಕಾರ್ಪಣೆ. ಎರಡು ದಿನ ಕಳೆಯುವುದರೊಳಗೆ ಬೆಂಗಳೂರು–ನಿಡಘಟ್ಟ ಭಾಗದಲ್ಲಿ ಟೋಲ್ ಶುರು. ಅದೇ ವಾರ ಒಂದು ಬೇಸಿಗೆ ಮಳೆ ಬಿದ್ದು ರಾಮನಗರದ ಬಳಿ ಕೆಳಸೇತುವೆಯಲ್ಲಿ ನೀರು ನಿಂತಿತು. ಹಿಂದಿನ ವರ್ಷದ ಆಗಸ್ಟಿನಲ್ಲೂ ಅಲ್ಲಿ ನೀರು ನಿಂತಿತ್ತು. ಯಾರಿಗೂ ಹೊಸ ಸುದ್ದಿಯಲ್ಲ. ಸರ್ವಿಸ್ ರಸ್ತೆ ಹಲವು ಕಡೆ ಅರೆಬರೆ ಇದ್ದರೂ ವಸೂಲಿ ಮಾತ್ರ ಪೂರ್ತಿ.

ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲಕ್ಕೂ ಬೈಪಾಸ್. ತಟ್ಟೆ ಇಡ್ಲಿಯ ಬಿಡದಿ, ಗೊಂಬೆಯ ಚನ್ನಪಟ್ಟಣ, ವಡೆಯ ಮದ್ದೂರು ಎಂದು ಮೈಸೂರು ರಸ್ತೆಯನ್ನು ಬಾಯಿಪಾಠ ಮಾಡಿದ್ದ ತಲೆಮಾರು ಈಗ ಕಂಬಿಬೇಲಿಯ ಆಚೆ ಆ ಊರುಗಳ ಹೆಸರಿನ ಹಸಿರು ಬೋರ್ಡು ಓದುತ್ತ ಹಾದುಹೋಗುತ್ತದೆ. ಹಳೆಯ ದಾರಿಯ ಹೋಟೆಲು, ಗೊಂಬೆ ಅಂಗಡಿಯವರು ವ್ಯಾಪಾರ ಬಿದ್ದುಹೋಯಿತೆಂದು ಗೋಳಾಡಿದರೆ ನಗರದವರು ಕೊಡುವ ಉತ್ತರ ಸಿದ್ಧವಾಗಿದೆ: ಪ್ರಗತಿಗೆ ಬೆಲೆ ತೆರಬೇಕು. ತೆರಬೇಕು ಸರಿ, ತೆರುವವರು ಯಾವಾಗಲೂ ಮದ್ದೂರಿನವರೇ ಯಾಕೆ?

2023ರ ಆಗಸ್ಟ್ 1ರಿಂದ ಅದೇ ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕು, ಸ್ಕೂಟರು, ಆಟೋ, ಟ್ರ್ಯಾಕ್ಟರು, ಸೈಕಲ್ಲು ಬರಕೂಡದೆಂದು ಆದೇಶವಾಯಿತು. ವೇಗದ ರಸ್ತೆಯಲ್ಲಿ ಸಣ್ಣ ವಾಹನಗಳ ಸಾವು ತಡೆಯಲು ಅದು ಬೇಕಾಗಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕ್ಯಾಮರಾ ಹಾಕಿ ವೇಗ ಹಿಡಿದ ಮೇಲೆ ಸಾವು ಇಳಿದದ್ದೂ ನಿಜ. ನನ್ನ ಪ್ರಶ್ನೆ ಬೇರೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಬೈಕಿಗೆ ಟೋಲ್ ಇಲ್ಲ ಎಂದು ಸರ್ಕಾರ ಎದೆತಟ್ಟಿ ಹೇಳುತ್ತದೆ. ಟೋಲ್ ಇಲ್ಲದವರಿಗೆ ಪ್ರವೇಶವೂ ಇಲ್ಲ ಎಂಬುದನ್ನು ಸಣ್ಣ ಅಕ್ಷರದಲ್ಲಿ ಬರೆಯುತ್ತದೆ. ನಮ್ಮ ಗ್ರಾಮದಲ್ಲಿ ಅಂಗಳದಲ್ಲಿ ಕಾರು ನಿಲ್ಲುವ ಮನೆಗಳಿಗಿಂತ ಬೈಕು ನಿಲ್ಲುವ ಮನೆಗಳೇ ಹೆಚ್ಚು. ಡೇರಿಗೆ ಹಾಲು ಹೋಗುವುದು ಸ್ಕೂಟರಿನಲ್ಲಿ, ಮಕ್ಕಳು ಶಾಲೆಗೆ ಹೋಗುವುದು ರಿಕ್ಷಾದಲ್ಲಿ. ಎಕ್ಸ್‌ಪ್ರೆಸ್‌ವೇ ಊರ ಗುಡ್ಡೆಯ ಮೇಲೆ ಹಾದರೂ ಊರಿನ ಬಹುಪಾಲು ಚಕ್ರಗಳಿಗೆ ಅದು ನೋಡುವ ವಸ್ತು.

ಇದೇ ಬೆಂಗಳೂರು–ಮೈಸೂರು ಜೋಡಿಗೆ ಅದಕ್ಕಿಂತ ಹಳೆಯ ಇನ್ನೊಂದು ಟೋಲ್ ರಸ್ತೆಯ ಕಥೆಯೂ ಇದೆ, ನೈಸ್ ರಸ್ತೆಯದು. 1995ರಲ್ಲಿ ಒಡಂಬಡಿಕೆ, 1997ರ ಏಪ್ರಿಲಿನಲ್ಲಿ ಚೌಕಟ್ಟು ಒಪ್ಪಂದ. 20,193 ಎಕರೆ ನೆಲ, ಐದು ಟೌನ್‌ಶಿಪ್, ಮೈಸೂರಿನವರೆಗೆ 111 ಕಿ.ಮೀ. ಎಕ್ಸ್‌ಪ್ರೆಸ್‌ವೇ. ಸುಪ್ರೀಂ ಕೋರ್ಟು 2006ರಲ್ಲಿ ಯೋಜನೆಯನ್ನು ಎತ್ತಿಹಿಡಿಯಿತು, ವಿಧಾನಮಂಡಲದ ಸದನ ಸಮಿತಿ 2016ರಲ್ಲಿ ಅದರ ಮೇಲೆ ಕಟುವಾದ ವರದಿ ಕೊಟ್ಟಿತು. ಬೆಂಗಳೂರಿನ ಹೊರಸುತ್ತಿನ ಭಾಗ ಆಯಿತು, ಅಲ್ಲಿ ಟೋಲ್ ತಪ್ಪದೆ ನಡೆಯುತ್ತಿದೆ. ಮೈಸೂರು ಮಾತ್ರ ಬರಲಿಲ್ಲ. ಅಧಿಸೂಚನೆಯಲ್ಲಿ ಸಿಕ್ಕಿಕೊಂಡ ರೈತರ ಎಷ್ಟೋ ಜಮೀನು ಅತ್ತ ಮಾರಲೂ ಆಗದೆ ಇತ್ತ ಸಾಲ ಎತ್ತಲೂ ಆಗದೆ ದಶಕಗಟ್ಟಲೆ ತೂಗಾಡಿತು. ನಗರದಿಂದ ನಗರಕ್ಕೆ ಎಂದು ಎಳೆದ ಗೆರೆ ಅರ್ಧಕ್ಕೆ ನಿಂತರೂ ವಸೂಲಿ ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಎದುರು ಪಕ್ಷದವರ ಗಟ್ಟಿ ವಾದ ಬಂದರಿನದು. ನವಮಂಗಳೂರು ಬಂದರು ಬೆಳೆಯಬೇಕಾದರೆ ಬೆಂಗಳೂರಿಗೆ ವೇಗದ ದಾರಿ ಬೇಕು ಎನ್ನುತ್ತಾರೆ. ಬಂದರು ಬೆಳೆಯಲಿ. ಆದರೆ ಅಲ್ಲಿಂದ ಒಳನಾಡಿಗೆ ಹೋಗುವ ಸರಕಿನ ತೂಕ ಇರುವುದು ತೈಲ, ಅನಿಲ, ಕಲ್ಲಿದ್ದಲಿನಂಥ ವಸ್ತುಗಳಲ್ಲಿ. ತೈಲಕ್ಕೆ ಮಂಗಳೂರು–ಹಾಸನ–ಬೆಂಗಳೂರು ಕೊಳವೆ ಮಾರ್ಗ 2003ರಿಂದ ಇದೆ; ಅದರ ಒಂದು ಪಂಪಿಂಗ್ ಸ್ಟೇಷನ್ ನಮ್ಮದೇ ತಾಲೂಕಿನ ನೆರಿಯದಲ್ಲಿದೆ. ಅಡುಗೆ ಅನಿಲಕ್ಕೂ ಹಾಸನ, ಮೈಸೂರು ಕಡೆಗೆ ಬೇರೆ ಕೊಳವೆ ಬಂದಿದೆ. ಅನಿಲವನ್ನು ರಸ್ತೆಯ ಮೇಲೆ ಸಾಗಿಸಿದರೆ ಏನಾಗುತ್ತದೆಂದು 2013ರ ಏಪ್ರಿಲಿನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಟ್ಯಾಂಕರ್ ಸಿಡಿದು ಮನೆಮಂದಿ ಸುಟ್ಟುಹೋದಾಗಲೇ ನೋಡಿದ್ದೇವೆ. ಉಳಿದ ಭಾರದ ಸರಕಿಗೆ ರೈಲು ಉಂಟು. 1979ರಲ್ಲಿ ಮೀಟರ್‌ಗೇಜ್ ಬಂತು, 1996ರಲ್ಲಿ ಗೇಜ್ ಬದಲಿಸಲೆಂದು ನಿಂತಿತು, ಪ್ರಯಾಣಿಕರ ರೈಲು ಮತ್ತೆ ಘಟ್ಟ ಹತ್ತಿದ್ದು 2007ರ ಡಿಸೆಂಬರಿನಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿ.ಮೀ., 57 ಸುರಂಗ, ಒಂದೇ ಹಳಿ. ಸರಕೂ ಜನವೂ ಒಟ್ಟಿಗೆ ನಿಂತು ಕಾಯುವುದು ಆ ಒಂಟಿ ಹಳಿಯ ಮೇಲೆ. ಬಂದರಿನ ಚಿಂತೆ ನಿಜವಾದರೆ ಮೊದಲು ಬಾಯಿ ತೆರೆಯಬೇಕಾದದ್ದು ಅದರ ಬಗ್ಗೆ. ಇನ್ನು ಚಿಕ್ಕಮಗಳೂರು, ಹಾಸನದ ಕಾಫಿ ಬಂದರಿಗೆ ಇಳಿಯಲು ಬೇಕಾದದ್ದು ಚಾರ್ಮಾಡಿ, ಶಿರಾಡಿ ಘಾಟಿಗಳು ಮಳೆಗಾಲದಲ್ಲೂ ತೆರೆದಿರುವುದು. ಶಿರಾಡಿಯನ್ನು ಕಾಂಕ್ರೀಟು ಮಾಡಲು 2015ರಲ್ಲೂ 2018ರಲ್ಲೂ ತಿಂಗಳುಗಟ್ಟಲೆ ಮುಚ್ಚಿದರು. ಆಮೇಲೂ ದೋಣಿಗಾಲಿನಲ್ಲಿ ಗುಡ್ಡ ಜಾರುವುದು ನಿಂತಿಲ್ಲ.

ಎರಡನೆಯ ವಾದ ಮನಸ್ಸಿಗೆ ಸಂಬಂಧಿಸಿದ್ದು, ಹಾಗಾಗಿ ಇನ್ನೂ ಬಲವಾದದ್ದು. ಮಗ ಬೆಂಗಳೂರಿನಲ್ಲಿ, ಮಗಳು ಬೆಂಗಳೂರಿನಲ್ಲಿ. ಶುಕ್ರವಾರ ಸಂಜೆ ಹೊರಟರೆ ರಾತ್ರಿ ಊಟಕ್ಕೆ ಮನೆಗೆ ಬರುತ್ತಾರೆ ಎಂಬ ಆಸೆ. ದೊಡ್ಡ ಮನೆಯಲ್ಲಿ ಇಬ್ಬರೇ ಮುದುಕರು ಉಳಿದ ಊರಿನಲ್ಲಿ ಈ ಆಸೆಯನ್ನು ಗೇಲಿ ಮಾಡಲು ನನಗೆ ನಾಲಿಗೆ ಬರುವುದಿಲ್ಲ. ಆದರೆ ಮಕ್ಕಳು ಬಾರದಿರುವುದಕ್ಕೆ ಕಾರಣ ಶಿರಾಡಿಯ ತಿರುವುಗಳಲ್ಲ. ರಜೆ ಸಿಗದ ಕೆಲಸ, ಮೊಮ್ಮಕ್ಕಳ ಪರೀಕ್ಷೆ, ಅಲ್ಲೇ ಕಟ್ಟಿಕೊಂಡ ಬದುಕು. ಬೆಂಗಳೂರಿನಿಂದ ಮೈಸೂರಿಗೆ ಎರಡು ಗಂಟೆಯೊಳಗೆ ತಲುಪುವಂತಾದ ಮೇಲೆ ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಮುದುಕರು ಮಾತ್ರ ಉಳಿದ ಮನೆಗಳು ತುಂಬಿಕೊಂಡವೇ? ವೇಗದ ದಾರಿ ಎರಡೂ ಕಡೆಗೆ ಓಡುತ್ತದೆ. ಮಂಗಳೂರಿನ ತಜ್ಞ ವೈದ್ಯರನ್ನು, ಉಜಿರೆಯ ಕಾಲೇಜಿನಿಂದ ಹೊರಬಂದ ಹುಡುಗಿಯನ್ನು ಅದು ಇನ್ನಷ್ಟು ಸುಲಭವಾಗಿ ಆಚೆ ಒಯ್ಯುತ್ತದೆ. ವಾಪಸು ಬರುವುದು ವಾರಾಂತ್ಯದ ಹೋಮ್‌ಸ್ಟೇ ಗಿರಾಕಿ, ಮತ್ತು ಗುಡ್ಡೆ ನೋಡಿ ಸೆಂಟ್ಸಿನ ರೇಟು ಕೇಳುವವರು.

ನೆಲದ ವಿಷಯದಲ್ಲಿ ನಮ್ಮ ಜಿಲ್ಲೆಗೆ ಬೇರೆಯದೇ ಒಂದು ತೊಡಕು ಇದೆ, ಬೆಂಗಳೂರಿನ ತಜ್ಞರಿಗೆ ಅದರ ಹೆಸರೂ ಗೊತ್ತಿರಲಿಕ್ಕಿಲ್ಲ. ಕುಮ್ಕಿ. ವರ್ಗ, ಅಂದರೆ ಪಟ್ಟೆ ಇರುವ, ಜಮೀನಿಗೆ ತಾಗಿದ ನೂರು ಗಜದ ಒಳಗಿನ ಸರ್ಕಾರಿ ಜಾಗದಿಂದ ಸೊಪ್ಪು, ಸೌದೆ ತೆಗೆದುಕೊಳ್ಳುವ ಸವಲತ್ತು ಅದು. ಕಾಲಾಂತರದಲ್ಲಿ ಜನ ಅಲ್ಲಿ ಗೇರು ಹಾಕಿದರು, ರಬ್ಬರ್ ಹಾಕಿದರು, ಅಡಿಕೆ ನೆಟ್ಟರು, ಬಾವಿ ತೋಡಿದರು. ಅನುಭವಿಸುವುದು ತಲೆಮಾರುಗಳಿಂದ, ದಾಖಲೆಯಲ್ಲಿ ಒಡೆತನ ಸರ್ಕಾರದ್ದು. ಹೆದ್ದಾರಿಗೆ ಗುಡ್ಡೆಯ ಅಂಚು ಬೇಕಾದಾಗ ಮೊದಲು ಹೋಗುವುದು ಈ ಜಾಗ, ಮತ್ತು ನೆಲದ ಪರಿಹಾರ ಕೇಳಲು ನಮ್ಮ ಕೈಯಲ್ಲಿ ಪಟ್ಟೆ ಇರುವುದಿಲ್ಲ. 2013ರ ಭೂಸ್ವಾಧೀನ ಕಾಯಿದೆ ಬಂದ ಮೇಲೆ ಹೆದ್ದಾರಿಗೆ ಹೋದ ನೆಲಕ್ಕೂ ಒಳ್ಳೆಯ ಪರಿಹಾರ ಸಿಗುತ್ತದೆ ಎಂದು ಹೇಳುವವರು ಇದನ್ನು ಲೆಕ್ಕಕ್ಕೆ ಹಿಡಿದೇ ಇಲ್ಲ. ಪಟ್ಟೆ ಇರುವ ತೋಟದಲ್ಲೂ ಕಷ್ಟ ಇದೆ. ಬೈಲಿನ ಅಡಿಕೆ ತೋಟ ಬದುಕುವುದು ಮೇಲಿನ ಗುಡ್ಡೆಯಿಂದ ಒಸರಿ ಬರುವ ನೀರಿನಿಂದ, ಬದಿಯ ತೋಡಿನಿಂದ. ಗುಡ್ಡೆಯ ಹೊಟ್ಟೆ ಸೀಳಿ ಅರವತ್ತು ಮೀಟರ್ ಅಗಲದ ದಾರಿ ಹಾಕಿದರೆ ಸ್ವಾಧೀನವಾಗದ ತೋಟವೂ ಒಣಗಬಹುದು. ಆ ತೋಟದವನ ಹೆಸರು ಯಾವ ಪರಿಹಾರದ ಪಟ್ಟಿಯಲ್ಲೂ ಬರುವುದಿಲ್ಲ.

ಒಣಗುವುದು ಒಂದು ಕಡೆ, ಜಾರುವುದು ಇನ್ನೊಂದು ಕಡೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಅಗಲಗೊಳಿಸಿದ ಹೆದ್ದಾರಿ 66ರ ಬದಿಯ ಗುಡ್ಡ ಜರಿದು, ಚಹಾದ ಅಂಗಡಿಯನ್ನೂ ನಿಂತ ವಾಹನಗಳನ್ನೂ ಗಂಗಾವಳಿ ಹೊಳೆಗೆ ತಳ್ಳಿತು. ತಿಂಗಳುಗಟ್ಟಲೆ ನೀರಿನಡಿ ಹುಡುಕಿದರು. ಅದೂ ಟೋಲ್ ಕೊಟ್ಟು ಓಡಾಡುವ ದಾರಿಯೇ. ನಮ್ಮ ಕಡೆಯ ಗುಡ್ಡೆಗಳೂ ಅದೇ ಮುರಕಲ್ಲು, ಅದೇ ಜೇಡಿಮಣ್ಣು, ಅದಕ್ಕಿಂತ ಕಡಿಮೆಯಿಲ್ಲದ ಮಳೆ.

ಹಾಗಾದರೆ ಟೋಲೇ ಬೇಡವೇ? ಕಾರಿನವರು ಕೊಡಲಿ, ನನ್ನ ತಕರಾರಿಲ್ಲ. ಆದರೆ ಕೊಟ್ಟ ದುಡ್ಡಿಗೆ ದಾರಿ ಸಿಗಬೇಕು ಎಂಬ ಅತಿ ಸಣ್ಣ ನ್ಯಾಯವನ್ನು ಒಪ್ಪಿಸಲು ಕೂಡ ಕೋರ್ಟಿನ ಮೆಟ್ಟಿಲು ಹತ್ತಬೇಕಾದ ಕಾಲ ಇದು. ಕೇರಳದಲ್ಲಿ ಇಡಪ್ಪಳ್ಳಿ–ಮಣ್ಣುತ್ತಿ ಹೆದ್ದಾರಿಯ ದುಃಸ್ಥಿತಿ ನೋಡಿ ಅಲ್ಲಿಯ ಹೈಕೋರ್ಟು 2025ರ ಆಗಸ್ಟಿನಲ್ಲಿ ಪಾಲಿಯೇಕ್ಕರ ಗೇಟಿನ ವಸೂಲಿಯನ್ನು ತಡೆಹಿಡಿಯಿತು. ಪ್ರಾಧಿಕಾರ ಸುಪ್ರೀಂ ಕೋರ್ಟಿಗೆ ಓಡಿದರೆ ಅಲ್ಲೂ ಮೇಲ್ಮನವಿ ವಜಾ. ಅದೇ ವರ್ಷದ ಫೆಬ್ರುವರಿಯಲ್ಲಿ ಜಮ್ಮು–ಕಾಶ್ಮೀರದ ಹೈಕೋರ್ಟು ಕೆಲಸ ಮುಗಿಯದ ಹೆದ್ದಾರಿಯ ಎರಡು ಗೇಟುಗಳಲ್ಲಿ ದರವನ್ನು ಶೇ. 80 ಇಳಿಸಿತು. ಬಿ.ಸಿ. ರೋಡ್–ಅಡ್ಡಹೊಳೆ ಚತುಷ್ಪಥದ ಕಾಮಗಾರಿಯಲ್ಲಿ ಕಲ್ಲಡ್ಕದವರು ವರ್ಷಾನುಗಟ್ಟಲೆ ಬೇಸಿಗೆಗೆ ಧೂಳು, ಮಳೆಗೆ ಕೆಸರು ತಿಂದರು. 2025ರಲ್ಲಿ ಎರಡು ಕಿ.ಮೀ. ಉದ್ದದ ಮೇಲ್ಸೇತುವೆ ತೆರೆಯಿತು, ಕೆ.ಟಿ., ಅಂದರೆ ಕಲ್ಲಡ್ಕದ ಚಹಾ, ಕುಡಿಯಲು ನಿಲ್ಲುತ್ತಿದ್ದ ವಾಹನಗಳು ಈಗ ಪೇಟೆಯ ತಲೆಯ ಮೇಲೆ ಹೋಗುತ್ತವೆ. ಆ ವರ್ಷಗಳ ಧೂಳಿಗೆ ಯಾವ ರಿಯಾಯಿತಿಯೂ ಇಲ್ಲ.

ಹೆದ್ದಾರಿಗೆ ನೆಲ ಬೇಕೆಂಬ ಅಧಿಸೂಚನೆ ಬಂದ ಮೇಲೆ 1956ರ ಹೆದ್ದಾರಿ ಕಾಯಿದೆಯ ಪ್ರಕಾರ ಆಕ್ಷೇಪ ಕೊಡಲು ಸಿಗುವುದು 21 ದಿನ. ಹೊಸ ರಾಷ್ಟ್ರೀಯ ಹೆದ್ದಾರಿಯಾದ್ದರಿಂದ ಪರಿಸರ ಅನುಮತಿಗೆ ಜಿಲ್ಲೆಯಲ್ಲಿ ಸಾರ್ವಜನಿಕ ಅಹವಾಲು ಸಭೆಯೂ ನಡೆಯಬೇಕು. ಹಾರ, ಶಾಲು ಹಿಡಿದು ಆ ಸಭೆಗೆ ಹೋಗುವವರು ಇರುತ್ತಾರೆ. ಉಳಿದವರು ಈಗಿನಿಂದಲೇ ಕುಮ್ಕಿ ಜಾಗದ ಸರ್ವೆ ನಂಬರು, ತೋಡು, ಕಟ್ಟ, ಬಾವಿಗಳ ನಕ್ಷೆ ಮಾಡಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ಕೇಳಬೇಕಾದದ್ದು ಇಷ್ಟಿದೆ: ಎಷ್ಟು ಕಿಲೋಮೀಟರಿಗೆ ಒಂದು ಕೆಳಸೇತುವೆ, ರಿಕ್ಷಾ ಮತ್ತು ಬೈಕು ಓಡುವ ಸರ್ವಿಸ್ ರಸ್ತೆ ತುದಿಯಿಂದ ತುದಿಗೆ ಇದೆಯೋ ಇಲ್ಲವೋ, ಜಿಲ್ಲೆಯೊಳಗಿನ ಓಡಾಟಕ್ಕೆ ಟೋಲ್ ಯಾಕೆ, ಒಣಗಿದ ತೋಡಿಗೆ ಪರಿಹಾರ ಕೊಡುವವರು ಯಾರು. ಎಲ್ಲಕ್ಕಿಂತ ಮೊದಲು, ಪುಂಜಾಲಕಟ್ಟೆಯಿಂದ ಕೊಟ್ಟಿಗೆಹಾರದವರೆಗಿನ ಇರುವ ಮಾರ್ಗ ಮುಗಿಯುವ ತಾರೀಕು ಯಾವುದು ಎಂದು ಕೇಳಬೇಕು, ಮತ್ತು ಆ ತಾರೀಕನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ಜಿಲ್ಲಾಧಿಕಾರಿಯ ಸಹಿ ಹಾಕಿಸಿಕೊಂಡೇ ಎದ್ದು ಬರಬೇಕು.